ಕುಶಾಲನಗರದ ಪಿನ್‌ಕೋಡ್ ಬಿಡಿಸಿ ನೋಡುವುದು ಹೇಗೆ?

ಮಳೆ ರಜೆಯಲ್ಲಿ ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಕುಶಾಲನಗರದ ಪಿನ್‌ಕೋಡ್ 571234 ಬರೆಸಿ. ಇಂಥ ದೊಡ್ಡ ಸಂಖ್ಯೆಯ ಗುಣ ತಿಳಿಯಬೇಕಾದರೆ ಮೊದಲು ಅದರ ಅವಿಭಾಜ್ಯ ಅಪವರ್ತನಗಳು ಸಿಗಬೇಕು. ಹೆಚ್ಚಿನವರು ಎಡವುವುದೂ ಅಲ್ಲೇ.

ಸುಲಭದ್ದು ಮೊದಲು. 2ರಿಂದ ಭಾಗಿಸಿದರೆ 285617. ಇದರ ಅಂಕಿಗಳ ಮೊತ್ತ 29, ಆದ್ದರಿಂದ 3 ಹೋಗುವುದಿಲ್ಲ. 5, 7, 11, 13 ಕೂಡ ಇಲ್ಲ. 285600 ಮತ್ತು 17 ಎಂದು ಒಡೆದರೆ 17 ಹೋಗುವುದು ಬಾಯಿಲೆಕ್ಕದಲ್ಲೇ ಗೊತ್ತಾಗುತ್ತದೆ. ಉಳಿದದ್ದು 16801.

ಇಲ್ಲಿಂದ ಅವಸರ ಬೇಡ. ಒಮ್ಮೆ ಹೋದ 17ನ್ನೇ ಮತ್ತೊಮ್ಮೆ ಹಾಕಿ ನೋಡಿ. ಶೇಷ 5, ಅಂದರೆ ಎರಡನೇ ಸಲ ಇಲ್ಲ. ಇನ್ನು ಎಲ್ಲಿಯವರೆಗೆ ಹುಡುಕಬೇಕು? ಮೂಲ ಸಂಖ್ಯೆಯ ವರ್ಗಮೂಲ 755 ದಾಟುತ್ತದೆ, ಆದರೆ ಈಗ ಅಷ್ಟು ದೂರ ಹೋಗಬೇಕಿಲ್ಲ. ಉಳಿದ 16801ರ ವರ್ಗಮೂಲದವರೆಗೆ, ಅಂದರೆ 129ರವರೆಗೆ ಸಾಕು. 130ನ್ನು 130ರಿಂದ ಗುಣಿಸಿದರೆ 16900 ಆಗಿಬಿಡುತ್ತದೆ. ಹಾಗಾಗಿ ಎರಡು ಅಪವರ್ತನಗಳಲ್ಲಿ ಒಂದಾದರೂ 130ರ ಒಳಗೇ ಇರಬೇಕು.

ಶೇಷಗಳನ್ನು ಸಾಲಾಗಿ ಬರೆಯಿರಿ: 19ಕ್ಕೆ 5, 23ಕ್ಕೆ 11, 29ಕ್ಕೆ 10, 31ಕ್ಕೆ 30, 37ಕ್ಕೆ 3, 41ಕ್ಕೆ 32, 43ಕ್ಕೆ 31, 47ಕ್ಕೆ 22. ಕ್ಯಾಲ್ಕುಲೇಟರ್ ಒತ್ತಿದರೂ ಇದನ್ನು ಬರೆಯಲೇಬೇಕು, ನಡುವೆ ಒಂದು ಬಿಟ್ಟುಹೋದರೆ ಆಗಲೇ ಕಣ್ಣಿಗೆ ಬೀಳುತ್ತದೆ. 50ಕ್ಕೇ ಮುಗಿಯುವ ಅವಿಭಾಜ್ಯ ಸಂಖ್ಯೆಗಳ ಚಾರ್ಟ್ ನಂಬಿದವರು 47ರಲ್ಲಿ ನಿಂತು, 16801 ಅವಿಭಾಜ್ಯ ಎಂದು ಬರೆದುಬಿಡುತ್ತಾರೆ. ಮುಂದಿನದೇ 53, ಅದು ಸರಿಯಾಗಿ 317 ಸಲ ಹೋಗುತ್ತದೆ! ಚಾರ್ಟ್ ತರುವುದಾದರೆ 200ರವರೆಗಿನದು ತನ್ನಿ. 91 ಇದ್ದರೆ ಅದನ್ನು ಅಂಗಡಿಯಲ್ಲೇ ಬಿಡಿ, 7ನ್ನು 13ರಿಂದ ಗುಣಿಸಿದರೆ 91.

317ಕ್ಕೆ 17ರವರೆಗೆ ನೋಡಿದರೆ ಸಾಕು, ಅವೆಲ್ಲ ಆಗಲೇ ಮುಗಿದಿವೆ. ಅದು ಅವಿಭಾಜ್ಯ.

571234 = 2 × 17 × 53 × 317

ಯಾವ ಅಪವರ್ತನವೂ ಎರಡು ಸಲ ಬಂದಿಲ್ಲ, ಹಾಗಾಗಿ ಇದು ವರ್ಗಮುಕ್ತ ಸಂಖ್ಯೆ. ನಾಲ್ಕು ಅಪವರ್ತನಗಳಿಂದ ಭಾಜಕಗಳು 16. ಅವುಗಳ ಮೊತ್ತ ಬೇಕಾದರೆ ಒಂದೊಂದನ್ನೇ ಹುಡುಕಿ ಕೂಡಿಸಬೇಡಿ; ಪ್ರತಿ ಅಪವರ್ತನಕ್ಕೂ 1 ಸೇರಿಸಿ ಗುಣಿಸಿ: 3 × 18 × 54 × 318 = 927288. ಇದರಲ್ಲಿ ಮೂಲ ಸಂಖ್ಯೆಯನ್ನು ಕಳೆಯಲು ಮರೆಯುವವರೇ ಜಾಸ್ತಿ. ಕಳೆದರೆ 356054. ಇದು 571234ಕ್ಕಿಂತ ಕಡಿಮೆ, ಆದ್ದರಿಂದ 6, 28ರಂತೆ ಪರಿಪೂರ್ಣ ಸಂಖ್ಯೆಯಲ್ಲ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾದರೆ ಅದು ಪರಿಪೂರ್ಣ), ಕೊರತೆಯ ಸಂಖ್ಯೆ.

ಎಲ್ಲಕ್ಕಿಂತ ಸೊಗಸಾದದ್ದು ಇನ್ನೊಂದಿದೆ. 17, 53, 317 ಮೂರನ್ನೂ 4ರಿಂದ ಭಾಗಿಸಿದರೆ ಶೇಷ 1. ಹಾಗಿದ್ದಾಗ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಕಣದಲ್ಲಿ 571234 ಕಾಫಿ ಬೀಜಗಳನ್ನು ಬದಿಗೆ 297 ಇರುವ ಒಂದು ಚೌಕ, 695 ಇರುವ ಇನ್ನೊಂದು ಚೌಕವಾಗಿ ಜೋಡಿಸಿದರೆ ಒಂದು ಬೀಜವೂ ಮಿಗದು: 88209 + 483025. ಇಂಥ ಜೋಡಿಗಳು ಇನ್ನೂ ಮೂರಿವೆ. ಎರಡೂ ಬೆಸ ಸಂಖ್ಯೆಗಳು, ಒಂದರ ಕೊನೆಯಂಕಿ 5, ಇನ್ನೊಂದರದು 3 ಅಥವಾ 7, ಚಿಕ್ಕದು 535ರ ಒಳಗೆ. ಅಷ್ಟು ಸುಳಿವು ಕೊಟ್ಟು ಮಕ್ಕಳಿಗೇ ಹುಡುಕಲು ಬಿಡಿ.