ಮುಂಗೋಪಿಯನ್ನು ಯಾವ ಗುಂಪಿಗೆ ಹಾಕೋಣ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬೆಳಗ್ಗೆ ಒಂಬತ್ತು ಮಕ್ಕಳು ಪಾಠಕ್ಕೆ ಬರುತ್ತಾರೆ. ಎಲ್ಲರೂ ಟಿವೈಬಿಎ, ಅಂದರೆ ಬಿಎ ಮೂರನೇ ವರ್ಷ, ಸೈಕಾಲಜಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಪುಸ್ತಕ ಇಂಗ್ಲಿಷ್. ನಾನು ಪಾಠ ಶುರು ಮಾಡಿದ ಮೊದಲ ವರ್ಷ, ಸ್ವಭಾವದ ಬಗ್ಗೆ ಕೆಲಸ ಮಾಡಿದ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್, ಕ್ಯಾಟೆಲ್, ಐಸೆಂಕ್ ಅಂತ ಸಾಲಾಗಿ ನೋಟ್ಸ್ ಬರೆಸಿದೆ. ಎಲ್ಲರಿಗೂ ಬಾಯಿಪಾಠ ಆಯಿತು. "ನಿಮ್ಮ ಅಜ್ಜಿ ಸ್ವಭಾವ ಎಂಥದ್ದು, ಹೇಳಿ" ಅಂದರೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಮರುವರ್ಷ ನೋಟ್ಸ್ ಬದಿಗಿಟ್ಟೆ. "ಮನೆಯಲ್ಲಿ ಒಬ್ಬರನ್ನೊಬ್ಬರು ಏನೇನು ಅಂತಾರೋ ಚೀಟಿಯಲ್ಲಿ ಬರೆದು ತನ್ನಿ" ಅಂದೆ. ಜಿಪುಣ, ಮುಂಗೋಪಿ, ಅಳುಮುಂಜಿ, ಗಟ್ಟಿಗಿತ್ತಿ, ಹೆದರುಪುಕ್ಕಲ... ಚಾಪೆಯ ತುಂಬ ನೂರಕ್ಕೂ ಜಾಸ್ತಿ ಚೀಟಿ! ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ 1936ರಲ್ಲಿ ಮಾಡಿದ್ದೂ ಇದನ್ನೇ. ಇಂಗ್ಲಿಷ್ ನಿಘಂಟಿನಿಂದ ಸುಮಾರು 18,000 ಪದ ಹೆಕ್ಕಿದರು. ಜನರಿಗೆ ಮುಖ್ಯ ಅನ್ನಿಸಿದ ಗುಣಕ್ಕೆ ಭಾಷೆಯಲ್ಲಿ ಪದ ಹುಟ್ಟಿಯೇ ಇರುತ್ತದೆ, ಅಲ್ವಾ? ಆ ನಂಬಿಕೆಯೇ ಇದರ ಬುಡ.

ಆಮೇಲೆ ಚೀಟಿ ಬೇರೆ ಮಾಡಿದೆವು. 'ಸಿಡುಕ' ಅನ್ನುವುದು ಸ್ವಭಾವ. 'ಸಿಟ್ಟು ಬಂದಿದೆ' ಅನ್ನುವುದು ಆ ಹೊತ್ತಿನದು. 'ಒಳ್ಳೆಯವನು' ಅಂದರೆ ಅದು ನಮ್ಮ ತೀರ್ಪು. ಆಲ್‌ಪೋರ್ಟ್, ಆಡ್‌ಬರ್ಟ್ ಹೀಗೆ ಸೋಸಿದಾಗ ಸ್ಥಿರ ಗುಣ ಹೇಳುವ ಪದ ಸುಮಾರು 4,500 ಉಳಿದವು. ಮುಂದೆ ಬಂದವರು, ಜನರಿಗೆ ಹಾಕಿದ ಅಂಕದಲ್ಲಿ ಯಾವ ಪದಗಳು ಒಟ್ಟಿಗೆ ಏರುತ್ತವೆ, ಇಳಿಯುತ್ತವೆ ಅಂತ ಲೆಕ್ಕ ಹಾಕಿ ಐದು ಗುಂಪಿಗೆ ಇಳಿಸಿದರು. ಅದೇ ಬಿಗ್ ಫೈವ್, ಸ್ವಭಾವದ ಐದು ದೊಡ್ಡ ಗುಂಪು. ಬೇಗ ಕಲಕುವ ಮನಸ್ಸು, ಹೊಂದಿಕೊಂಡು ಹೋಗುವ ಗುಣ ಅದರಲ್ಲಿ ಎರಡು.

ನಮ್ಮ ಚಾಪೆಯ ಮೇಲೂ ಐದು ಗುಡ್ಡೆ ಆಯಿತು. 'ಮುಂಗೋಪಿ' ಚೀಟಿ ಮಾತ್ರ ಅರ್ಧ ಗಂಟೆ ಕೈಯಿಂದ ಕೈಗೆ ಓಡಾಡಿತು. "ಮೇಡಂ, ಇದು ಬೇಗ ಕಲಕುವ ಮನಸ್ಸು, ನ್ಯೂರಾಟಿಸಿಸಂ" ಅಂದಳು ಒಬ್ಬಳು. "ಅಲ್ಲ, ಹೊಂದಿಕೊಂಡು ಹೋಗುವ ಗುಣ ಕಡಿಮೆ" ಅಂದ ಇನ್ನೊಬ್ಬ. ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಸಂಶೋಧಕರೂ ಇದರಲ್ಲಿ ಒಂದೇ ಮಾತು ಹೇಳುವುದಿಲ್ಲ. ಬಿಗ್ ಫೈವ್‌ನಲ್ಲಿ ಸಿಡುಕು ಹೆಚ್ಚಾಗಿ ನ್ಯೂರಾಟಿಸಿಸಂ ಕಡೆಗೆ ಹೋಗುತ್ತದೆ. ಆಶ್ಟನ್ ಮತ್ತು ಲೀ ಅನ್ನುವ ಸಂಶೋಧಕರು ಹಲವು ಭಾಷೆಗಳ ಪದ ನೋಡಿ ಕಟ್ಟಿದ ಇನ್ನೊಂದು ವಿಂಗಡಣೆ, ಹೆಕ್ಸಾಕೋದಲ್ಲಿ ಆರು ಗುಂಪು. ಅಲ್ಲಿ ಅದು ಹೊಂದಿಕೆ ಕಡಿಮೆ ಇರುವವರ ಲಕ್ಷಣ.

ಇನ್ನೊಬ್ಬ ಹುಡುಗ ತನ್ನ ಹೆಸರಿನ ಮುಂದೆ 'ಮೌನಿ' ಅಂತ ಬರೆದಿದ್ದ. ನಮ್ಮ ತರಗತಿಯಲ್ಲಿ ಹೌದು, ಮಾತೇ ಇಲ್ಲ. ಪಕ್ಕದವಳು ನಕ್ಕಳು. "ಬೆಳಗಿನ ಲೋಕಲ್ ರೈಲಿನಲ್ಲಿ ನೋಡಿ ಮೇಡಂ, ಭಜನೆ ಗುಂಪಿನಲ್ಲಿ ತಾಳ ಹಿಡಿದು ಇಡೀ ಡಬ್ಬಿಗೆ ಕೇಳುವ ಹಾಗೆ ಹಾಡ್ತಾನೆ." ಜಾಗ ಬದಲಾದರೆ ನಡತೆಯೂ ಬದಲಾಗುವುದಾದರೆ ಸ್ವಭಾವ ಅನ್ನುವುದು ಎಷ್ಟು ಗಟ್ಟಿ? ಮನೋವಿಜ್ಞಾನಿ ವಾಲ್ಟರ್ ಮಿಶೆಲ್ 1968ರಲ್ಲಿ ಎತ್ತಿದ ಪ್ರಶ್ನೆ ಇದೇ. ಗುಣದ ಅಂಕಕ್ಕೂ ಒಂದು ಸಂದರ್ಭದ ನಡತೆಗೂ ಇರುವ ನಂಟು ಸಾಮಾನ್ಯವಾಗಿ 0.30 ದಾಟುವುದಿಲ್ಲ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು) ಅಂತ ಅವರು ತೋರಿಸಿದರು. ಹಲವು ದಿನದ ನಡತೆಯ ಸರಾಸರಿ ತೆಗೆದರೆ ನಂಟು ಗಟ್ಟಿಯಾಗುತ್ತದೆ ಅಂತ 1979ರಲ್ಲಿ ಎಪ್‌ಸ್ಟೈನ್ ಅನ್ನುವ ಇನ್ನೊಬ್ಬ ಮನೋವಿಜ್ಞಾನಿ ತೋರಿಸಿಕೊಟ್ಟರು.

ಅಂದಿನಿಂದ ಪ್ರತಿ ಚೀಟಿಯ ಹಿಂದೆ ಎಲ್ಲಿ, ಯಾರ ಜೊತೆ, ಎಷ್ಟು ದಿನ ನೋಡಿದ್ದು ಅಂತಲೂ ಬರೆಸುತ್ತೇನೆ. ಆ ಹುಡುಗ 'ಮೌನಿ' ಚೀಟಿಯ ಹಿಂದೆ 'ಮೇಡಂ ಮನೆ, ಭಾನುವಾರ' ಅಂತ ಬರೆದ.