ಹನ್ನೊಂದು ಮೊಳೆಯ ಡಿಸೆಂಬರ್

ಚಾವಡಿಯ ಗೋಡೆಗೆ ಹಲಸಿನ ಹಲಗೆ ಬಡಿಸಿ, ಅದಕ್ಕೆ ಸಾಲಾಗಿ ಮೊಳೆ ಹೊಡೆಸಿದ ದಿನ ಅತ್ತೆ ಕೇಳಿದ್ದು ಇಷ್ಟೇ. "ಇದೆಂತ, ಬಾಳೆಗೊನೆ ತೂಗಿಸ್ಲಿಕ್ಕಾ?" ಗಂಡ ಫೋನಿನಿಂದ ತಲೆ ಎತ್ತದೆ ಹೇಳಿದರು, "ಕ್ಯಾಲೆಂಡರ್ ಇದ್ರಲ್ಲೇ ಉಂಟಲ್ಲ." ಮೈದುನ ಮಾತ್ರ ಏನೂ ಹೇಳಲಿಲ್ಲ. ಆದರೆ ಬಡಗಿಯ ಹತ್ತಿರ ಹೋಗಿ ಏನೋ ಹೇಳಿ ನಕ್ಕದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಅದು 2024ರ ನವೆಂಬರ್ ಕೊನೆ. ಡಿಸೆಂಬರಿನ ಮಕ್ಕಳ ಕಾರ್ಯಕ್ರಮಗಳ ಚೀಲ ತೂಗಿಸಲಿಕ್ಕೆ ಆ ಹಲಗೆ. ಜನವರಿಗೆ ಅವರೆಲ್ಲ ಸುಮ್ಮನಾದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಸ್ವಲ್ಪ ಒಳಗೆ. ಒಂದೇ ಮನೆಯಲ್ಲಿ ನಾಲ್ಕು ಮಕ್ಕಳು, ನನ್ನವು ಎರಡು, ಓರಗಿತ್ತಿಯವು ಎರಡು. ಎರಡು ಶಾಲೆ. ಒಂದು ಹಳೇ ಕಾರು, ಒಂದು ಸ್ಕೂಟರ್. ಡಿಸೆಂಬರ್ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಲೋತ್ಸವದ, ಅಂದರೆ ಕೇರಳದ ಶಾಲೆಗಳ ಕಲಾಸ್ಪರ್ಧೆಯ, ಬಾಲ ಇನ್ನೂ ಮುಗಿದಿರುವುದಿಲ್ಲ. ಸುಬ್ರಹ್ಮಣ್ಯ ಷಷ್ಠಿಗೆ ಮಕ್ಕಳ ಯಕ್ಷಗಾನ. ಕ್ರಿಸ್ಮಸ್ ಪರೀಕ್ಷೆ. ಸ್ಪೋರ್ಟ್ಸ್ ಡೇ. ಧನು ಮಾಸ ಬಂದರೆ ಬೆಳಗ್ಗೆ ಐದಕ್ಕೆ ದೇವಸ್ಥಾನದಲ್ಲಿ ಭಜನೆ. ವಾರ್ಷಿಕೋತ್ಸವ, ಕ್ಲಬ್ಬಿನ ಕಾರ್ಯಕ್ರಮ, ವಾಚನಾಲಯದ ಕಾರ್ಯಕ್ರಮ. ಇದರ ನಡುವೆ ಅಂಗಳ ತುಂಬ ಅಡಿಕೆ, ಶಬರಿಮಲೆಗೆ ಮಾಲೆ ಹಾಕಿದವರಿಗೆ ಬೇರೆ ಅಡುಗೆ.

ಮೊದಲಿನ ವರ್ಷಗಳ ಕಥೆ ಕೇಳಿ. 2022ರಲ್ಲಿ ಮನೆಯವರದ್ದೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೆ. ಎಲ್ಲರೂ ಹೆಬ್ಬೆರಳು ಒತ್ತುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ವಾರ್ಷಿಕೋತ್ಸವದ ದಿನ ಗೆಜ್ಜೆ ಮನೆಯಲ್ಲೇ ಉಳಿಯಿತು. ದೊಡ್ಡವಳು ಪಕ್ಕದ ಹುಡುಗಿಯ ಗೆಜ್ಜೆ ಕಟ್ಟಿಕೊಂಡು ಕುಣಿದಳು. ಅದು ಸಡಿಲ, ಅರ್ಧದಲ್ಲಿ ಒಂದು ಕಾಲಿನದ್ದು ಜಾರಿತು. ಅವಳು ನಗುತ್ತಲೇ ಮುಗಿಸಿದಳು. ಮನೆಗೆ ಬಂದು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

2023ರಲ್ಲಿ ಬಿಳಿ ಬೋರ್ಡ್ ತಂದೆ. ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಚಿಕ್ಕವ ಅದರ ಮೇಲೆ ಆನೆ ಬಿಡಿಸಿದ, ಹದಿನಾರರಿಂದ ಇಪ್ಪತ್ತರ ತನಕ ಆನೆಯ ಹೊಟ್ಟೆಯೊಳಗೆ ಹೋಯಿತು. ಆ ವರ್ಷವೇ ಕಲೋತ್ಸವದಲ್ಲಿ ತಿರುವಾದಿರದ, ಅಂದರೆ ಹುಡುಗಿಯರ ಗುಂಪು ನೃತ್ಯದ, ಗಲಾಟೆ. ಮಧ್ಯಾಹ್ನ ಮೂರಕ್ಕೆ ಎಂದಿದ್ದ ಐಟಂ ವೇದಿಕೆ ಹತ್ತಿದ್ದು ರಾತ್ರಿ ಒಂದು ಗಂಟೆಗೆ. ಕಲೋತ್ಸವ ನೋಡಿದವರಿಗೆ ಇದು ಹೊಸತಲ್ಲ. ಆದರೆ ನಾನು ಮೂರು ಗಂಟೆಯನ್ನೇ ನಂಬಿ ಊಟ ಕಟ್ಟಿರಲಿಲ್ಲ. ಮಲ್ಲಿಗೆ ಬಾಡಿತು, ಉಟ್ಟ ಕೇರಳದ ಸೆಟ್ ಮುಂಡು ಮುದ್ದೆಯಾಯಿತು, ಹುಡುಗಿಯರು ಕುರ್ಚಿಯಲ್ಲೇ ನಿದ್ದೆ. ಬಿ ಗ್ರೇಡ್ ಬಂತು. ಹೆತ್ತವರೆಲ್ಲ ಸೇರಿ ಅಪೀಲಿಗೆ ದುಡ್ಡು ಹಾಕಿದೆವು. ಆ ದುಡ್ಡೂ ಹೋಯಿತು. ಬಾಡಿಗೆಗೆ ತಂದ ಒಂದು ಜುಮುಕಿ ಕಳೆದುಹೋಗಿ ಅದಕ್ಕೆ 450 ದಂಡ. ಆ ಒಂದು ತಿಂಗಳಿಗೆ ನಮ್ಮ ಮನೆಯಿಂದ ಹೋದದ್ದು ಹೆಚ್ಚುಕಡಿಮೆ 23 ಸಾವಿರ, ತರಬೇತಿ ಮಾಷ್‌ಗೆ ಕೊಟ್ಟ ಪಾಲು ಸೇರಿ. ಆ ವರ್ಷ ಮನೆಯಲ್ಲಿ ಯಾರಿಗೂ ಒಂದು ಹೊಸ ಅಂಗಿ ಬಂದಿರಲಿಲ್ಲ.

ಹಲಗೆಯ ಯೋಚನೆ ಬಂದದ್ದು ದೇವಸ್ಥಾನದ ಚೌಕಿಯಲ್ಲಿ. ವೇಷ ಕಟ್ಟುವ ಜಾಗದಲ್ಲಿ ಒಬ್ಬೊಬ್ಬನ ಸಾಮಾನು ಒಂದೊಂದು ಕಡೆ, ಅವನವನದ್ದು ಅವನವನ ಮುಂದೆ. ಅಷ್ಟು ಜನ, ಅಷ್ಟು ಗಡಿಬಿಡಿ, ಆದರೂ ಒಬ್ಬನ ಕಾಲ್ಗೆಜ್ಜೆ ಇನ್ನೊಬ್ಬನ ಕಾಲಿಗೆ ಹೋಗುವುದಿಲ್ಲ. ಯಾರೂ ಪಟ್ಟಿ ಓದುವುದಿಲ್ಲ. ಸಾಮಾನೇ ಪಟ್ಟಿ.

ಮೊದಲು ಗೋಡೆಗೇ ಮೊಳೆ ಹೊಡೆದೆ. ನಮ್ಮದು ಹಳೇ ಕೆಂಪುಕಲ್ಲಿನ ಗೋಡೆ, ಮೂರು ಮೊಳೆ ಗಾರೆಯ ಸಮೇತ ಕೈಗೆ ಬಂತು. ಆಮೇಲೆ ಹಟ್ಟಿಯ ಅಟ್ಟದಲ್ಲಿದ್ದ ಹಲಗೆ ತೆಗೆಸಿದೆ. ಹಲಗೆಗೆ ದುಡ್ಡಿಲ್ಲ, ಬಡಗಿಗೆ ಅರ್ಧ ದಿನದ ಕೂಲಿ, ಮೊಳೆ, ಸ್ಕ್ರೂ ಎಲ್ಲ ಸೇರಿ 900ರ ಒಳಗೆ. ಗೇಣಿಗೊಂದರಂತೆ ಹೊಡೆದಾಗ ಹನ್ನೊಂದು ಹಿಡಿಯಿತು. ಹನ್ನೊಂದಕ್ಕೆ ಬೇರೆ ಅರ್ಥ ಇಲ್ಲ, ಹಲಗೆ ಅಷ್ಟೇ ಉದ್ದ.

ಒಂದು ಕಾರ್ಯಕ್ರಮಕ್ಕೆ ಒಂದು ಮೊಳೆ, ಒಂದು ಚೀಲ, ಒಬ್ಬ ದೊಡ್ಡವರು. ಚೀಲ ಜವಳಿ ಅಂಗಡಿಯವರು ಕೊಡುವ ಬಟ್ಟೆಯದ್ದು, ಎಲ್ಲರ ಮನೆಯಲ್ಲೂ ಇಪ್ಪತ್ತು ಇರುತ್ತದೆ. ಮದುವೆ ಕಾಗದದ ಹಿಂಬದಿ ಕತ್ತರಿಸಿ ಚೀಟಿ ಮಾಡಿ ಪಿನ್ ಹಾಕಿದೆ. ಅದರಲ್ಲಿ ದಿನ, ಜಾಗ, ಅವರು ಹೇಳಿದ ಹೊತ್ತು, ನಿಜವಾದ ಹೊತ್ತು, ಹೋಗುವವರ ಹೆಸರು. ಕೆಳಗೆ ಕೆಂಪು ಪೆನ್ನಿನಲ್ಲಿ, ವಾಪಸು ತರಬೇಕಾದ ಸಾಮಾನು. ದುಡ್ಡು ಉಳಿದದ್ದು ಈ ಕೆಂಪು ಗೆರೆಯಿಂದಲೇ. ಹೋಗುವಾಗ ಎಲ್ಲರಿಗೂ ನೆನಪಿರುತ್ತದೆ, ಬರುವಾಗ ಮಗು ಹೆಗಲ ಮೇಲೆ ಮಲಗಿರುತ್ತದೆ, ಜುಮುಕಿ ಯಾರಿಗೆ ಬೇಕು? ಚೀಲದೊಳಗೆ ಒಂದು ಲಕೋಟೆ, ಅದರಲ್ಲಿ ರಿಕ್ಷಾ ಬಾಡಿಗೆ, ಚಾ, ಐಸ್‌ಕ್ರೀಂ ಲೆಕ್ಕ ಹಾಕಿದ ನಗದು. ಅದು ಮುಗಿದರೆ ಮುಗಿಯಿತು. ಗೂಗಲ್ ಪೇ ಮಾಡಬಾರದು.

ಮತ್ತೊಂದು ನಿಯಮ. ಮೊಳೆ ಖಾಲಿ ಇಲ್ಲದಿದ್ದರೆ ಕಾರ್ಯಕ್ರಮ ಇಲ್ಲ. ಇದಕ್ಕೇ ದೊಡ್ಡ ಜಗಳ ಆದದ್ದು. ನಡುವಿನವನಿಗೆ ಕ್ಲಬ್ಬಿನ ಛದ್ಮವೇಷಕ್ಕೆ ಸೇರಬೇಕಿತ್ತು, ಮೊಳೆ ಇರಲಿಲ್ಲ. ಅವನು ಅತ್ತ. ಓರಗಿತ್ತಿಗೆ ಬೇಸರ ಆಯಿತು, ಎರಡು ದಿನ ನನಗೆ "ಹಾಂ", "ಹೂಂ" ಅಷ್ಟೇ. ನಾನು ಬಿಡಲಿಲ್ಲ. ಮೂರನೇ ದಿನ ಎದ್ದು ನೋಡಿದರೆ ಹಲಗೆಯ ತುದಿಯಲ್ಲಿ ಹನ್ನೆರಡನೇ ಮೊಳೆ! ಮೈದುನ ರಾತ್ರಿ ಹೊಡೆದು ತನ್ನ ಕಬಡ್ಡಿ ಚೀಲ ತೂಗಿಸಿದ್ದ. ದೊಡ್ಡವರ ಆಟಕ್ಕೆ ಮಕ್ಕಳ ಹಲಗೆ ಇಲ್ಲ ಎಂದು ನಾನೇ ಇಕ್ಕಳದಲ್ಲಿ ಕಿತ್ತೆ.

ಎಲ್ಲ ಸಿದ್ಧವಾಗುವಾಗ ಮಳೆ. ಫೆಂಗಲ್ ಚಂಡಮಾರುತ ಆಚೆ ಪುದುಚೇರಿಗೆ ಬಡಿದದ್ದು, ಉಳಿದ ಮಳೆ ಡಿಸೆಂಬರ್ ಶುರುವಿಗೆ ನಮ್ಮ ಅಂಗಳಕ್ಕೆ. ಶಾಲೆಗೆ ರಜೆ ಕೊಟ್ಟರು, ಮಕ್ಕಳಿಗೆ ಖುಷಿ. ನಾವು ಟರ್ಪಾಲು ಹಿಡಿದು ಓಡಿದ್ದೇ ಓಡಿದ್ದು. ಅರೆ ಒಣಗಿದ ಅಡಿಕೆ ಗೋಣಿಯಲ್ಲಿ ತುಂಬಿ ಚಾವಡಿಗೆ ತಂದದ್ದು, ಹಲಗೆಯ ಕೆಳಗೇ. ನಾಲ್ಕು ದಿನದಲ್ಲಿ ಮೇಲಿನ ಚೀಲಗಳೆಲ್ಲ ಹಸಿ ಅಡಿಕೆಯ ವಾಸನೆ. ದೊಡ್ಡವಳ ನೃತ್ಯದ ಸೀರೆಗೆ ಇವತ್ತಿಗೂ ಆ ವಾಸನೆ ಉಂಟು.

ಈ ಮಳೆಯಿಂದ ನನಗೆ ಒಂದು ಪ್ರಯೋಗ ಸಿಕ್ಕಿತು. ಜೆರ್ಸಿ ಒಣಗುತ್ತಿರಲಿಲ್ಲ. ಬಿಸಿಲು ಸ್ವಲ್ಪ ಬಂದ ದಿನ ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೆ ತಂತಿ ಕಟ್ಟಿ ತೂಗಿಸಿದೆ. ಒಂದು ಗಂಟೆಯಲ್ಲಿ ಗರಿಗರಿ! ಹೆಮ್ಮೆಯಿಂದ ಎಲ್ಲರನ್ನೂ ಕರೆದು ತೋರಿಸಿದೆ. ಮರುದಿನ ಪೂರ್ತಿ ಬಿಸಿಲಿಗೆ ಇನ್ನೊಂದು ಹಾಕಿ ಮರೆತೆ. ಬೆನ್ನಿನ 7 ಎಂಬ ಅಂಕೆ ಮೇಲಿನಿಂದ ಸುಲಿದು ಬಂದು 1ರ ಹಾಗೆ ಕಾಣುತ್ತಿತ್ತು. ಚಿಕ್ಕವ ಅದನ್ನೇ ಹಾಕಿಕೊಂಡು ಓಡಿದ. ನಾಲ್ಕನೇ ಸ್ಥಾನ ಬಂತು, ಆದರೆ ಬೆನ್ನ ಮೇಲೆ ಒಂದು ಇತ್ತಲ್ಲ ಎಂದು ಅವನ ವಾದ. ಸೋಲಾರಿನಲ್ಲಿ ಹಾಕುವುದಾದರೆ ಅಂಗಿ ತಿರುಗಿಸಿ ಹಾಕಿ, ಅರ್ಧ ಗಂಟೆ ಸಾಕು.

ಪದ್ಧತಿಯೇ ಸೋತದ್ದು ಡಿಸೆಂಬರ್ 7ಕ್ಕೆ, ಷಷ್ಠಿಯ ದಿನ. ಎರಡು ಚೀಲ ಒಂದೇ ಜವಳಿ ಅಂಗಡಿಯವು, ಅದೇ ಬಣ್ಣ. ಗಂಡ ಚೀಟಿ ಓದದೆ ಮೊಳೆಯಿಂದ ಎತ್ತಿಕೊಂಡು ಹೋದರು. ಚೌಕಿಯಲ್ಲಿ ಬಿಚ್ಚಿದರೆ ಸ್ಪೋರ್ಟ್ಸ್ ಶೂ, ಗ್ಲುಕೋಸ್ ಪುಡಿ. ನಡುವಿನವನಿಗೆ ಒಳಗಿನ ಬಿಳಿ ಬನಿಯನ್ ಇಲ್ಲ, ಬಣ್ಣ ತೆಗೆಯುವ ತೆಂಗಿನೆಣ್ಣೆ ಇಲ್ಲ, ಒರೆಸುವ ಹಳೇ ಬೈರಾಸ್ ಇಲ್ಲ. ಚೆಂಡೆ ಶುರುವಾಗಿತ್ತು. ಸ್ಕೂಟರಿನಲ್ಲಿ ಹೋಗಿ ಬರಲು ಹದಿನೆಂಟು ಕಿಲೋಮೀಟರ್. ಅಲ್ಲೇ ಯಾರದ್ದೋ ಬನಿಯನ್ ಹಾಕಿಸಿ ವೇಷ ಕಟ್ಟಿಸಿದರು. ಮೇಳದವರ ದಯೆ. ಆ ರಾತ್ರಿ ಗಂಡ ಹೇಳಿದರು, "ನಿನ್ನ ಚೀಲದಿಂದಲೇ ಆದದ್ದು." ಅತ್ತೆ ಏನೂ ಹೇಳಲಿಲ್ಲ, ಒಮ್ಮೆ ಹಲಗೆ ನೋಡಿದರು. ಅದೇ ಜಾಸ್ತಿ ಚುಚ್ಚಿತು.

ಮರುದಿನ ಪ್ರತಿ ಮಗುವಿಗೆ ಒಂದು ಬಣ್ಣದ ರಿಬ್ಬನ್ ಚೀಲದ ಕಿವಿಗೆ ಹೊಲಿದೆ. ದೊಡ್ಡವಳಿಗೆ ಕೆಂಪು, ನಡುವಿನವನಿಗೆ ಹಸಿರು, ಹೀಗೆ. ಹೊರಡುವಾಗ ಮಗುವೇ ಚೀಲ ಇಳಿಸಿ ಕೊಡಬೇಕು, ದೊಡ್ಡವರು ಮುಟ್ಟಬಾರದು. ಆಮೇಲೆ ಒಂದೂ ತಪ್ಪಲಿಲ್ಲ. ಮಕ್ಕಳು ತಮ್ಮ ಚೀಲದ ವಿಷಯದಲ್ಲಿ ಬ್ಯಾಂಕಿನವರಿಗಿಂತ ಕಟ್ಟುನಿಟ್ಟು.

ಯಾರಿಗೆ ಯಾವ ಚೀಲ ಎಂಬುದೂ ನೋಡಿಕೊಂಡು ಹಂಚಬೇಕು. ಧನು ಭಜನೆ ಮೈದುನನಿಗೆ. ಮಾಲೆ ಹಾಕಿದವನು ಹೇಗೂ ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ ಮಾಡುತ್ತಾನೆ, ಮಕ್ಕಳನ್ನೂ ಎಬ್ಬಿಸಲಿ. ಸ್ಪೋರ್ಟ್ಸ್ ಮಾವನಿಗೆ. ಅವರಿಗೆ ಬಿಸಿಲು ಗೊತ್ತಾಗುವುದಿಲ್ಲ, ಗೆದ್ದರೂ ಸೋತರೂ ಒಂದೇ ಮುಖ. ಅಳುವ ಮಗುವಿಗೆ ಅಂಥವರೇ ಬೇಕು. ವೇದಿಕೆಯದ್ದೆಲ್ಲ ನನಗೆ ಮತ್ತು ಓರಗಿತ್ತಿಗೆ. ರಾತ್ರಿ ಒಂದು ಗಂಟೆಗೂ ಬಾಡದ ಮಲ್ಲಿಗೆ ಹೇಗೆ ಇಡುವುದು ಎಂದು ಸುಮಾರು ಜನ ಕೇಳಿದ್ದಾರೆ. ಒದ್ದೆ ಬಟ್ಟೆ, ಬಾಳೆ ಎಲೆ ಎಲ್ಲರಿಗೂ ಗೊತ್ತು. ನಾನು ಅದರ ಮೇಲೆ ಇನ್ನೊಂದು ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಆಭರಣ ಅರ್ಧ ಬಾಡಿಗೆಗೆ ಎಲ್ಲಿ ಸಿಗುತ್ತದೆ ಎಂಬುದೂ ಹಾಗೆಯೇ. ಹೇಳಿದರೆ ಈ ಸಲ ನನಗೆ ಸಿಗುವುದಿಲ್ಲ.

ಪರೀಕ್ಷೆಯ ವಾರ ಹಲಗೆ ಖಾಲಿ ಇಟ್ಟೆ. ಆ ವಾರದ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ.

ಕ್ರಿಸ್ಮಸ್ ಚೀಲ ಮಕ್ಕಳಿಗೆ ಇಷ್ಟ. ಬೇಳ ಕಡೆಯ ನಮ್ಮ ಸ್ನೇಹಿತರ ಮನೆಯಿಂದ ವರ್ಷವೂ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ನಾವು ಖಾಲಿ ಡಬ್ಬ ಕೊಡುವುದಿಲ್ಲ, ಹಲಸಿನ ಹಪ್ಪಳ ತುಂಬಿಸಿ ಕೊಡುತ್ತೇವೆ. ಆ ಸಲ ಅವರ ಗೋದಲಿಗೆ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹುಲ್ಲು ಮಾಡಿಕೊಡುತ್ತೇವೆ ಎಂದು ಮಕ್ಕಳು ಒಪ್ಪಿಕೊಂಡು ಬಂದಿದ್ದರು. ಅಡಿಕೆ ಹಾಳೆಯ ತಟ್ಟೆಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಒಂದರಲ್ಲಿ ಭತ್ತ, ಒಂದರಲ್ಲಿ ರಾಗಿ, ಒಂದರಲ್ಲಿ ಹೆಸರು ಬಿತ್ತಿದೆವು. ಹೆಸರು ಉದ್ದ ಬಂದು ಅಡ್ಡ ಬಿದ್ದಿತು, ಗೋದಲಿಯ ಕುರಿಗಳು ಕಾಣದ ಹಾಗೆ. ಭತ್ತ ಚೆನ್ನಾಗಿತ್ತು, ಆದರೆ ಬಿತ್ತುವಾಗ ಎರಡು ದಿನ ತಡ ಮಾಡಿದ್ದರಿಂದ ಬೋಳು ಬೋಳು. ರಾಗಿಯೇ ಸರಿ, ಸಣ್ಣ ಎಲೆ, ಹಾಸಿದ ಹಾಗೆ. ಡಿಸೆಂಬರ್ 15ರ ಸುಮಾರಿಗೆ ಬಿತ್ತಿದರೆ ಸಾಕು. ಸೋಲಾರ್ ಗೂಡಿನಲ್ಲಿಟ್ಟು ಬೇಗ ಮಾಡಲು ಹೋದ ನಾಲ್ಕನೇ ತಟ್ಟೆ ಬೆಂದು ಹೋಯಿತು. ಹೌದು, ನಾನೇ.

ಹನ್ನೊಂದರಲ್ಲಿ ಹತ್ತು ಚೀಲ ಇಳಿದವು. ಹನ್ನೊಂದನೆಯದ್ದು ವಾಚನಾಲಯದ ಮಕ್ಕಳ ಕಾರ್ಯಕ್ರಮ, ಕ್ರಿಸ್ಮಸ್ ರಜೆಯ ಕೊನೆಗೆ ಇತ್ತು. ಡಿಸೆಂಬರ್ 25ರ ರಾತ್ರಿ ಮಲಯಾಳ ಸಾಹಿತಿ ಎಂ.ಟಿ. ವಾಸುದೇವನ್ ನಾಯರ್ ತೀರಿಕೊಂಡ ಸುದ್ದಿ ಬಂತು, ಮರುದಿನ ರಾತ್ರಿ ಮನಮೋಹನ್ ಸಿಂಗ್ ಅವರದ್ದು. ಕಾರ್ಯಕ್ರಮ ಮುಂದೆ ಹೋಯಿತು. ದೊಡ್ಡವಳ ಕನ್ನಡ ಕವನ ವಾಚನದ ಸೀರೆ ಜನವರಿಯ ಕುಂಬಳೆ ಜಾತ್ರೆಯ ಬೆಡಿಯ ತನಕ ಮೊಳೆಯಲ್ಲೇ ತೂಗಿತು.

ಲೆಕ್ಕ ಹೇಳುತ್ತೇನೆ. ಹಲಗೆಯ ಖರ್ಚು ಸೇರಿ ಆ ತಿಂಗಳು 14 ಸಾವಿರದ ಆಸುಪಾಸು. ಬಾಡಿಗೆ ಸಾಮಾನಿನ ದಂಡ ಸೊನ್ನೆ. ಹೊರಗಿನ ಊಟಕ್ಕೆ ಹಿಂದಿನ ವರ್ಷ ಆರು ಸಾವಿರ ಹೋಗಿದ್ದಿರಬೇಕು, ಈ ಸಲ ಒಂದೂವರೆ. ಉಳಿದದ್ದರಲ್ಲಿ ನಾಲ್ಕು ಮಕ್ಕಳಿಗೂ ಬಟ್ಟೆ, ಅತ್ತೆಗೆ ಒಂದು ಸೀರೆ. ಸೀರೆ ಅವರಿಗೆ ಹಿಡಿಸಲಿಲ್ಲ. ಬಣ್ಣ ಜಾಸ್ತಿ ಎಂದರು. ಸೀರೆ ಬಂದ ಚೀಲವನ್ನು ಮಾತ್ರ ಮಡಚಿ ಹಲಗೆಯ ಹಿಂದೆ ಸಿಕ್ಕಿಸಿಟ್ಟರು.

2025ರಲ್ಲಿ ಷಷ್ಠಿ ನವೆಂಬರ್ 26ಕ್ಕೇ ಬಂತು. ಹಾಗಾಗಿ ಡಿಸೆಂಬರಿಗೆ ಒಂದು ಮೊಳೆ ಉಳಿಯಿತು. ನಡುವಿನವನಿಗೆ ಛದ್ಮವೇಷಕ್ಕೆ ಬೇಕಂತೆ, ಮೈದುನನಿಗೆ ಕಬಡ್ಡಿಗೆ. ಇಕ್ಕಳ ನನ್ನ ಕೋಣೆಯಲ್ಲಿದೆ.