ಜರ್ಮನಿಯ ಪೂರೈಕೆ ಸರಪಳಿ ಕಾನೂನು: ಕೊಡಗಿನವರು ದೂರು ಬರೆಯುವ ಮುನ್ನ

ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗಳ ಸ್ಥಿತಿಯನ್ನಾಗಲಿ, ಮುಂಗಡದ ಸಾಲ ತೀರದೆ ಒಂದೇ ತೋಟಕ್ಕೆ ಕಟ್ಟುಬಿದ್ದ ಯರವ ಬುಡಕಟ್ಟಿನ ಕುಟುಂಬಗಳ ಪಾಡನ್ನಾಗಲಿ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಅಂತಹ ತೋಟದ ಕಾಫಿಯನ್ನು ಜರ್ಮನಿಯ ದೊಡ್ಡ ಕಂಪನಿಯೊಂದು ಕೊಂಡಾಗ ಅದನ್ನು ಪ್ರಶ್ನಿಸುವ ಬಗೆ ಹೇಗೆಂಬುದನ್ನಷ್ಟೇ ಬರೆಯುತ್ತಿದ್ದೇನೆ. ಇಲ್ಲಿಗೆ, ಅಂದರೆ ಜರ್ಮನಿಗೆ, ಹೊಸದಾಗಿ ಬರುವ ನಮ್ಮವರು ಎಡವುವುದು ಅಲ್ಲಿಯೇ.

ಜರ್ಮನಿಯ ಪೂರೈಕೆ ಸರಪಳಿ ಕಾನೂನು 2023ರ ಜನವರಿ 1ರಂದು ಜಾರಿಗೆ ಬಂದಿತು. ಮೊದಲು ಜರ್ಮನಿಯಲ್ಲಿ ಕನಿಷ್ಠ 3,000 ನೌಕರರಿದ್ದ ಕಂಪನಿಗಳಿಗೆ, 2024ರಿಂದ ಕನಿಷ್ಠ 1,000 ನೌಕರರಿರುವ ಕಂಪನಿಗಳಿಗೆ ಅನ್ವಯವಾಯಿತು. ಜೀತ, ಬಾಲಕಾರ್ಮಿಕ ಪದ್ಧತಿ, ಕೂಲಿ ತಡೆಹಿಡಿಯುವುದು ಮುಂತಾದ ಅಪಾಯಗಳನ್ನು ಗುರುತಿಸಿ ತಡೆಯುವುದು ಮತ್ತು ಹೊರಗಿನವರೂ ದೂರು ಕೊಡಬಹುದಾದ ವ್ಯವಸ್ಥೆಯನ್ನು ಇಡುವುದು ಕಂಪನಿಯ ಕರ್ತವ್ಯ. ಮೇಲ್ವಿಚಾರಣೆ ಬಾಫಾ ಎಂಬ ಜರ್ಮನಿಯ ಕೇಂದ್ರ ಸರ್ಕಾರಿ ಕಚೇರಿಯದು.

ಎಡವುವ ಜಾಗ ಇದು. ಕಂಪನಿಯು ಕ್ರಮವಾಗಿ ಪರಿಶೀಲಿಸಬೇಕಾದದ್ದು ತನ್ನ ಸ್ವಂತ ಕೆಲಸವನ್ನು ಮತ್ತು ತಾನು ನೇರವಾಗಿ ಒಪ್ಪಂದ ಮಾಡಿಕೊಂಡ ಪೂರೈಕೆದಾರರನ್ನು. ನಮ್ಮ ತೋಟದ ಕಾಫಿಯಾದರೋ ಸ್ಥಳೀಯ ವ್ಯಾಪಾರಿ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಹ್ಯಾಂಬರ್ಗಿನ ಆಮದುದಾರ ಎಂದು ಕೈ ಬದಲಾಯಿಸುತ್ತ ಬರುತ್ತದೆ. ಅಷ್ಟು ದೂರದ ತೋಟದ ವಿಚಾರದಲ್ಲಿ, ಉಲ್ಲಂಘನೆ ನಡೆದಿರಬಹುದೆಂದು ತೋರಿಸುವ ನಿರ್ದಿಷ್ಟ ಮಾಹಿತಿ ಕೈಸೇರಿದಾಗ ಮಾತ್ರ ಕಂಪನಿಯ ಹೊಣೆ ಎಚ್ಚರಗೊಳ್ಳುತ್ತದೆ. ಪೊನ್ನಂಪೇಟೆ ಕಡೆಯ ವಿದ್ಯಾರ್ಥಿಯೊಬ್ಬರು "ಕೊಡಗಿನ ತೋಟಗಳಲ್ಲಿ ಕಾರ್ಮಿಕರ ಶೋಷಣೆ ನಡೆಯುತ್ತಿದೆ" ಎಂದು ಕಂಪನಿಯೊಂದರ ಗ್ರಾಹಕ ಸೇವಾ ವಿಳಾಸಕ್ಕೆ ಬರೆದರು. ಧನ್ಯವಾದದ ಉತ್ತರ ಬಂದಿತು. ರೊಬಸ್ಟಾ ಕುಯ್ಲು ಮುಗಿಯುವವರೆಗೆ ಬೇರೇನೂ ಬರಲಿಲ್ಲ. ಬರೆಯಬೇಕಾದದ್ದು ಕಂಪನಿಯ ದೂರು ವ್ಯವಸ್ಥೆಗೆ. ಯಾವ ತೋಟ, ಯಾವ ತಿಂಗಳು, ಎಷ್ಟು ಮುಂಗಡ, ಕೂಲಿಯಲ್ಲಿ ಎಷ್ಟು ಕಡಿತ, ಆ ಕಾಫಿ ಈ ಕಂಪನಿಗೆ ತಲುಪಿತೆಂದು ನಂಬಲು ಏನು ಆಧಾರ ಎಂಬ ವಿವರಗಳೊಂದಿಗೆ. ರಫ್ತು ಚೀಲದ ಮೇಲೆ ದೇಶ, ರಫ್ತುದಾರ ಮತ್ತು ಲಾಟ್ (ಒಟ್ಟಿಗೆ ಕಳುಹಿಸಿದ ಸರಕಿನ ಕಂತು) ಸೂಚಿಸುವ ಸಂಖ್ಯೆಗಳಿರುತ್ತವೆ. ಅವುಗಳ ಚಿತ್ರ ಸಿಕ್ಕರೆ ಪುಟಗಟ್ಟಲೆ ವಾದಕ್ಕಿಂತ ಹೆಚ್ಚು ಉಪಯುಕ್ತ.

ನಮ್ಮ 2013ರ ಕಂಪನಿ ಕಾಯ್ದೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಲಾಭ ಬಂದ ದಾರಿಯನ್ನೇ ಕೇಳುವ ಜರ್ಮನಿಯ ಕ್ರಮ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಆದರೆ ಜೀತದಲ್ಲಿರುವವರನ್ನು ಬಿಡಿಸುವ ವಿಷಯದಲ್ಲಿ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೇ ಮೇಲು: ಅದು ಸಾಲವನ್ನೇ ರದ್ದು ಮಾಡುತ್ತದೆ, ಜಿಲ್ಲಾಡಳಿತವು ತೋಟಕ್ಕೇ ಹೋಗಬಲ್ಲದು. ಜರ್ಮನಿಯ ಈ ಕಾನೂನು ಕಾರ್ಮಿಕನಿಗೆ ಪರಿಹಾರ ಕೇಳುವ ಹೊಸ ಹಕ್ಕನ್ನೇನೂ ಕೊಡುವುದಿಲ್ಲ. ಆದ್ದರಿಂದ ಮಡಿಕೇರಿಯಲ್ಲಿ ಕೊಡಬೇಕಾದ ದೂರನ್ನು ಇಲ್ಲಿಯ ಉತ್ತರಕ್ಕಾಗಿ ತಡೆದಿಡಬೇಡಿ.

ದೂರು ಕೊಟ್ಟರೆ ಖರೀದಿಯೇ ನಿಂತು ಕೆಲಸ ಹೋಗುತ್ತದೆಂಬ ಭಯ ಊರಿನಲ್ಲಿದೆ. ಸಂಬಂಧ ಕಡಿದುಕೊಳ್ಳುವುದು ಕೊನೆಯ ಮಾರ್ಗ. ಮೊದಲು ಸರಿಪಡಿಸುವ ಪ್ರಯತ್ನವಾಗಬೇಕೆಂಬುದೇ ಕಾನೂನಿನ ಆಶಯ. ಹಕ್ಕಿಗೆ ಧಕ್ಕೆಯಾದ ಕಾರ್ಮಿಕರು ಬಾಫಾಕ್ಕೂ ಅರ್ಜಿ ಸಲ್ಲಿಸಬಹುದು. ದೂರುದಾರರ ಗುರುತನ್ನು ಕಂಪನಿ ಗೋಪ್ಯವಾಗಿಡಬೇಕು. ಆದರೂ ಒಂದು ತೋಟದ ಲೈನಿನಲ್ಲಿರುವುದು ಕೆಲವೇ ಮನೆಗಳಾದ್ದರಿಂದ, ಆ ಕುಟುಂಬದ ಒಪ್ಪಿಗೆ ಪಡೆಯದೆ ಒಂದು ವಿವರವನ್ನೂ ಕಳುಹಿಸಬೇಡಿ.